ಹಿಮದ ಕೊರಕಲನ್ನು ಹತ್ತಿ ಸ್ಕೀ ಅಥವಾ ಸ್ನೋಬೋರ್ಡಿನಲ್ಲಿ ಇಳಿಯುವುದು: ಮಲೆನಾಡಿನ ಚಾರಣಿಗರಿಗೊಂದು ಸಮಗ್ರ ಮಾರ್ಗದರ್ಶಿ

ಎರಡು ಬಂಡೆಗೋಡೆಗಳ ನಡುವೆ ಬೆಟ್ಟದ ನೆತ್ತಿಯಿಂದ ಬುಡದವರೆಗೆ ಇಳಿದುಬರುವ, ಹಿಮ ತುಂಬಿದ ಕಿರಿದಾದ ಕೊರಕಲನ್ನು ಪರ್ವತಾರೋಹಿಗಳು ಕೂಲ್ವಾರ್ ಎನ್ನುತ್ತಾರೆ. ಮಲೆನಾಡಿನವರಿಗೆ ಕೊರಕಲು ಹೊಸದೇನಲ್ಲ. ಕೊಡಚಾದ್ರಿಯ ಮಗ್ಗುಲಲ್ಲಾಗಲಿ, ಆಗುಂಬೆ ಘಾಟಿಯ ಬದಿಯಲ್ಲಾಗಲಿ, ಆಷಾಢದ ಮಳೆಯಲ್ಲಿ ಗುಡ್ಡದ ಮೇಲಿನ ನೀರು, ಮಣ್ಣು, ಕಲ್ಲು, ಮುರಿದ ಮರ ಎಲ್ಲವೂ ಆ ಒಂದೇ ದಾರಿ ಹಿಡಿದು ಇಳಿಯುವುದನ್ನು ನಾವು ಕಂಡಿದ್ದೇವೆ. ಹಿಮಾಲಯದ ಕೊರಕಲಿಗೂ ಇದೇ ನಿಯಮ ಅನ್ವಯಿಸುತ್ತದೆ: ಮೇಲೆ ಏನು ಕದಲಿದರೂ ಅದು ನೀವು ನಿಂತ ಜಾಗದ ಮೂಲಕವೇ ಹಾದುಹೋಗಬೇಕು. ಹಾಗಾಗಿ ಮುಂದೆ ಹೇಳುವ ಎಲ್ಲ ಹಂತಗಳೂ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತವೆ. ಬೀಳದಿರುವುದು ಹೇಗೆ? ಬೀಳುವ ವಸ್ತುವಿನ ಕೆಳಗೆ ಸಿಕ್ಕಿಕೊಳ್ಳದಿರುವುದು ಹೇಗೆ?

ಈ ಬರಹ ಯಾರಿಗಾಗಿ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗುಲ್ಮಾರ್ಗ್, ಸೋಲಂಗ್ ಅಥವಾ ಔಲಿಯಲ್ಲಿ ಸ್ಕೀ ಇಲ್ಲವೇ ಸ್ನೋಬೋರ್ಡ್ ಕಲಿತು, ಸಿದ್ಧಪಡಿಸಿದ ಇಳಿಜಾರುಗಳಲ್ಲಿ ಯಾವ ಬಗೆಯ ಹಿಮದಲ್ಲೂ ತಡವರಿಸದೆ ಇಳಿಯಬಲ್ಲವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಸ್ಕೀಯನ್ನೇ ಹೊಸದಾಗಿ ಕಟ್ಟಿಕೊಂಡವರು ಇದನ್ನು ಓದಿ ಕೊರಕಲಿಗೆ ಹೋಗಬಾರದು. ಗುಲ್ಮಾರ್ಗ್‌ನಲ್ಲಿರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಗಳಲ್ಲಿ ಸ್ಕೀ ತರಬೇತಿ ದೊರೆಯುತ್ತದೆ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ ನಡೆಸುವ ಸುಮಾರು ನಾಲ್ಕು ವಾರಗಳ ಪ್ರಾಥಮಿಕ ಪರ್ವತಾರೋಹಣ ಶಿಬಿರದಲ್ಲಿ ಐಸ್ ಆಕ್ಸ್ (ಹಿಮಗೊಡಲಿ), ಕ್ರ್ಯಾಂಪಾನ್ (ಬೂಟಿನ ತಳಕ್ಕೆ ಕಟ್ಟುವ ಲೋಹದ ಮುಳ್ಳುಗಳು) ಮತ್ತು ಹಗ್ಗದ ಬಳಕೆಯನ್ನು ಕೈಹಿಡಿದು ಕಲಿಸುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಕೊರಕಲಿಗೆ ಹೋಗಬಯಸುವವರು ದುಬಾರಿ ಸ್ಕೀ ಕೊಳ್ಳುವ ಮೊದಲು ಪರ್ವತಾರೋಹಣ ಶಿಬಿರವನ್ನು ಮುಗಿಸಬೇಕು. ಕೊರಕಲಿನಲ್ಲಿ ಹತ್ತುವುದಕ್ಕೆ ಹಿಡಿಯುವ ಸಮಯ ಇಳಿಯುವುದಕ್ಕೆ ಹಿಡಿಯುವ ಸಮಯದ ಎಷ್ಟೋ ಪಟ್ಟು, ಮತ್ತು ಹೆಚ್ಚಿನ ನಿರ್ಧಾರಗಳು ಹತ್ತುವಾಗಲೇ ಆಗುತ್ತವೆ.

ಇಳಿಜಾರಿನ ಲೆಕ್ಕ

ನಮ್ಮ ಕಣ್ಣು ಇಳಿಜಾರನ್ನು ಅಳೆಯುವುದರಲ್ಲಿ ಬಹಳ ಕಳಪೆ. ಆಗುಂಬೆಯ 14 ತಿರುವುಗಳ ಘಾಟಿಯನ್ನು ಎಲ್ಲರೂ ಕಡಿದಾದ ರಸ್ತೆ ಎನ್ನುತ್ತಾರೆ, ಆದರೆ ಬಸ್ಸು ಹತ್ತುವ ಯಾವ ರಸ್ತೆಯ ಏರೂ ಸಾಮಾನ್ಯವಾಗಿ 10 ಡಿಗ್ರಿಯನ್ನು ಮುಟ್ಟುವುದಿಲ್ಲ. ಮಲೆನಾಡಿನ ಹಂಚಿನ ಮಾಡಿನ ಮೇಲೆ ಫೋನಿಟ್ಟು ಕೋನ ನೋಡಿದರೆ 30 ಡಿಗ್ರಿಯ ಆಸುಪಾಸು ತೋರಿಸುತ್ತದೆ. ಹಂಚು ಬದಲಿಸಲು ಏರಿದವರಿಗೆ ಅದರ ಮೇಲೆ ನಿಲ್ಲುವ ಅನುಭವ ಗೊತ್ತಿರುತ್ತದೆ. ಕೊರಕಲುಗಳು ಸಾಮಾನ್ಯವಾಗಿ 40 ಡಿಗ್ರಿಯಿಂದ ಮೊದಲಾಗಿ 50 ಡಿಗ್ರಿಯವರೆಗೆ ಹೋಗುತ್ತವೆ, ಕೆಲವು ಅದನ್ನೂ ಮೀರುತ್ತವೆ. 45 ಡಿಗ್ರಿ ಎಂದರೆ ನಕಾಶೆಯ ಮೇಲೆ 100 ಮೀಟರ್ ಮುಂದೆ ಸರಿದಾಗ 100 ಮೀಟರ್ ಮೇಲೇರಿರುತ್ತೀರಿ. ಅಲ್ಲಿ ಇಳಿಜಾರಿಗೆ ಅಡ್ಡಲಾಗಿ ನಿಂತು, ತುಸು ಬಾಗಿ ಮೇಲಿನ ಕೈಯನ್ನು ಬದಿಗೆ ಚಾಚಿದರೆ ಹಿಮವೇ ತಾಗುತ್ತದೆ.

ಸರಾಸರಿ ಕೋನವೊಂದನ್ನೇ ನೋಡಿ ಮೋಸ ಹೋಗಬಾರದು. 40 ಡಿಗ್ರಿ ಎಂದು ಹೇಳಲಾಗುವ ಕೊರಕಲಿನ ನೆತ್ತಿಯ 20 ಮೀಟರ್ 50 ಡಿಗ್ರಿ ಇರಬಹುದು, ಮತ್ತು ನೀವು ಮೊದಲ ತಿರುವು ಹಾಕಬೇಕಾದದ್ದು ಅಲ್ಲಿಯೇ. ಫೋನಿನ ಕೋನಮಾಪಕವನ್ನು ಕೈಯಲ್ಲಿದ್ದ ಕೋಲಿನ ಮೇಲಿಟ್ಟು, ಕೋಲನ್ನು ಹಿಮದ ಮೇಲೆ ಮಲಗಿಸಿ ಅಳೆಯುವ ಅಭ್ಯಾಸವನ್ನು ಊರಿನ ಗುಡ್ಡಗಳಲ್ಲಿಯೇ ಮಾಡಿಕೊಳ್ಳಬಹುದು. ಮೊದಲು ಕಣ್ಣಳತೆಯಲ್ಲಿ ಒಂದು ಅಂಕೆ ಹೇಳಿ, ಆಮೇಲೆ ಅಳೆದು ತಾಳೆ ನೋಡುತ್ತಾ ಹೋದರೆ ಕಣ್ಣು ನಿಧಾನವಾಗಿ ಪಳಗುತ್ತದೆ.

ಇದರ ಹಿಂದೆ ಇನ್ನೊಂದು ಲೆಕ್ಕವೂ ಇದೆ. ಹಿಮದ ಹಲಗೆಗಳು ಒಡೆದು ಜಾರುವ ದೊಡ್ಡ ಹಿಮಕುಸಿತಗಳಲ್ಲಿ ಬಹುಪಾಲು 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಹುಟ್ಟುತ್ತವೆ. ಸ್ಕೀಯವರಿಗೆ ಬೇಕಾದ ಕೋನವೂ ಹಿಮಕುಸಿತಕ್ಕೆ ಬೇಕಾದ ಕೋನವೂ ಒಂದೇ ಆಗಿರುವುದು ಈ ಆಟದ ಮೂಲ ತೊಡಕು.

ಮೊದಲ ಕೊರಕಲಾಗಿ 40 ಡಿಗ್ರಿಗಿಂತ ಕಡಿಮೆ ಇರುವ, 100–150 ಮೀಟರಿಗಿಂತ ಉದ್ದವಲ್ಲದ, ಹತ್ತು ಮೀಟರಿಗಿಂತ ಅಗಲವಾದ, ಬುಡದಲ್ಲಿ ಬಂಡೆಯಾಗಲಿ ಪ್ರಪಾತವಾಗಲಿ ಇಲ್ಲದೆ ವಿಶಾಲವಾಗಿ ಹರಡಿಕೊಂಡಿರುವ, ಮತ್ತು ಕೆಳಗಿನಿಂದಲೇ ನೆತ್ತಿಯವರೆಗೆ ಪೂರ್ತಿ ಕಾಣುವ ಒಂದನ್ನು ಆರಿಸಿಕೊಳ್ಳಬೇಕು. ನಡುವೆ ತಿರುಗಿ ಮರೆಯಾಗುವ ಕೊರಕಲಿನ ಮರೆಯಲ್ಲಿ ಏನಿದೆ ಎಂದು ಊಹಿಸುತ್ತಾ ಹೋಗುವುದು ಅನುಭವಿಗಳಿಗೂ ಸರಿಯಲ್ಲ.

ಮಲೆನಾಡಿನಲ್ಲಿ ಮಾಡಬಹುದಾದ ಸಿದ್ಧತೆ

ಹಿಮವಿಲ್ಲದ ಊರಿನಲ್ಲಿ ಹಿಮವನ್ನು ಕಲಿಯಲಾಗದು, ಕಾಲುಗಳನ್ನು ಕಟ್ಟಿಕೊಳ್ಳಬಹುದು. ಕಾಶ್ಮೀರದಲ್ಲಿ ಸ್ಕೀಯಿಂಗಿಗೆ ಒಳ್ಳೆಯ ಕಾಲ ಜನವರಿಯಿಂದ ಮಾರ್ಚ್. ಮಲೆನಾಡಿನಲ್ಲಿ ಮಳೆ ಹಿಂದೆ ಸರಿದು ಇಂಬಳ ಕಡಿಮೆಯಾಗುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತಿಂಗಳುಗಳು ತಯಾರಿಗೆ ಹೇಳಿ ಮಾಡಿಸಿದಂತಿವೆ. 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಹಿಡ್ಲುಮನೆ ಜಲಪಾತದ ಕಡೆಯಿಂದ ಹತ್ತುವ ದಾರಿ ಇದಕ್ಕೆ ತಕ್ಕದ್ದು. ಕೈಯೂರಿ ಏರಬೇಕಾದ ಜಾಗಗಳಿವೆ, ಜಾರುವ ಕಲ್ಲುಗಳಿವೆ, ಕಾಲಿಡುವ ಪ್ರತಿ ಜಾಗವನ್ನೂ ನೋಡಿ ಇಡಬೇಕಾಗುತ್ತದೆ. ಅರಣ್ಯ ಇಲಾಖೆಯ ಅನುಮತಿ ಮತ್ತು ನಿರ್ಬಂಧಗಳನ್ನು ವಿಚಾರಿಸಿಕೊಂಡೇ ಹೊರಡಬೇಕು. ಕೆಲಸದ ದಿನಗಳಲ್ಲಿ ದೂರ ಹೋಗಲಾಗದವರಿಗೆ ಹತ್ತಿರದ ಯಾವ ಗುಡ್ಡವಾದರೂ, ಕೊನೆಗೆ ಉದ್ದನೆಯ ಮೆಟ್ಟಿಲ ಸಾಲಾದರೂ ಸಾಕು.

ಬೆನ್ನಿಗೆ 12ರಿಂದ 15 ಕಿಲೋ ಭಾರವಿರಲಿ. ನೀರಿನ ಕ್ಯಾನು ಹೊತ್ತು ಹತ್ತಿ, ಮಂಡಿ ಉಳಿಸಿಕೊಳ್ಳಲು ಮೇಲೆ ನೀರು ಚೆಲ್ಲಿ ಇಳಿಯಿರಿ ಎಂಬ ಸಲಹೆಯನ್ನು ಚಾರಣಿಗರಲ್ಲಿ ಅನೇಕರು ಕೊಡುತ್ತಾರೆ. ಪರ್ವತಾರೋಹಣಕ್ಕೆ ಅದು ಸರಿ. ಸ್ಕೀಯವರಿಗೆ ಬೇಕಾದದ್ದು ದಣಿದ ಮೇಲೂ ಭಾರ ಹೊತ್ತು ಇಳಿಯುವ ತೊಡೆಗಳು. ಆದ್ದರಿಂದ ಮಂಡಿ ಗಟ್ಟಿಯಿದ್ದವರು ಅರ್ಧ ನೀರನ್ನಾದರೂ ಉಳಿಸಿಕೊಂಡು, ನಿಧಾನವಾಗಿ, ಪ್ರತಿ ಹೆಜ್ಜೆಯಲ್ಲೂ ದೇಹವನ್ನು ತಡೆದು ಇಳಿಯುವುದು ಒಳ್ಳೆಯದು. ಜೊತೆಗೆ, ಅಡಿಕೆ ಒಣಗಿಸುವ ಅಂಗಳದಲ್ಲಿ ಎರಡೂ ಕಾಲು ಜೋಡಿಸಿ ಜಿಗಿದು, ಗಾಳಿಯಲ್ಲಿ ಅರ್ಧ ಸುತ್ತು ತಿರುಗಿ, ಸದ್ದಾಗದಂತೆ ಇಳಿದು, ಅಲ್ಲಾಡದೆ ನಿಲ್ಲುವ ಅಭ್ಯಾಸವನ್ನು ಎಡಕ್ಕೂ ಬಲಕ್ಕೂ ಮಾಡಬೇಕು. ಕೊರಕಲಿನಲ್ಲಿ ಹಾಕುವ ಜಿಗಿತದ ತಿರುವು ಇದೇ ಚಲನೆ. ಸಾಮಾನ್ಯವಾಗಿ ಒಂದು ಬದಿ ಸಲೀಸಾಗಿಯೂ ಇನ್ನೊಂದು ಬದಿ ಒಡ್ಡೊಡ್ಡಾಗಿಯೂ ಬರುತ್ತದೆ, ಆ ಒಡ್ಡು ಬದಿಗೇ ಹೆಚ್ಚು ಸಮಯ ಕೊಡಬೇಕು. ಬೆಟ್ಟದ ಹುಲ್ಲುಗಾವಲುಗಳಲ್ಲಿ ಸ್ಕೀ ಕಟ್ಟಿ ಜಾರಿ ನೋಡುವ ಹುರುಪನ್ನು ಮಾತ್ರ ಬಿಡಬೇಕು. ಶೋಲೆಯ ಹುಲ್ಲೂ ಉಳಿಯುವುದಿಲ್ಲ, ಸ್ಕೀಯ ಅಂಚೂ ಉಳಿಯುವುದಿಲ್ಲ.

ಹಿಮಕುಸಿತದ ಶೋಧವನ್ನೂ ಊರಿನಲ್ಲೇ ಅಭ್ಯಾಸ ಮಾಡಬಹುದು. ಹಿಮದಡಿ ಹೂತವರನ್ನು ಪತ್ತೆಹಚ್ಚಲು ಮೈಗೆ ಕಟ್ಟಿಕೊಳ್ಳುವ, ರೇಡಿಯೋ ಸಂಕೇತ ಕಳಿಸುವ ಮತ್ತು ಹಿಡಿಯುವ ಯಂತ್ರವೇ ಟ್ರಾನ್ಸೀವರ್. ಒಂದು ಟ್ರಾನ್ಸೀವರನ್ನು ಚೀಲದಲ್ಲಿ ಹಾಕಿ ತೋಟದ ತರಗೆಲೆಯ ರಾಶಿಯಲ್ಲಿ ಮುಚ್ಚಿಟ್ಟು, ಜೊತೆಗಾರರು ಇನ್ನೊಂದರಿಂದ ಅದನ್ನು ಹುಡುಕುವುದನ್ನು ಕೈ ತಾನಾಗಿ ನಡೆಯುವವರೆಗೆ ಮಾಡಿದರೆ, ಗಾಬರಿಯ ಗಳಿಗೆಯಲ್ಲಿ ಗುಂಡಿ ಹುಡುಕುವ ಕಷ್ಟ ತಪ್ಪುತ್ತದೆ.

ಮೈಗೂಡಬೇಕಾದ ಎತ್ತರವನ್ನೂ ಮರೆಯಬಾರದು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಇದ್ದರೆ, ಗುಲ್ಮಾರ್ಗ್‌ನ ಬಯಲೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗೊಂಡೋಲಾದ (ಕೇಬಲ್ ಕಾರಿನ) ಎರಡನೆಯ ಹಂತ 3,900 ಮೀಟರಿಗೂ ಮೇಲೆ ಒಯ್ದು ಬಿಡುತ್ತದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡು ಭಾಗಕ್ಕಿಂತಲೂ ಕಡಿಮೆ. ಬೆಂಗಳೂರಿನಿಂದ ವಿಮಾನ ಹತ್ತಿ ಮರುದಿನವೇ ಅಷ್ಟು ಎತ್ತರದಲ್ಲಿ ದುಡಿಯುವ ಯೋಜನೆ ಬೇಡ. ಮೊದಲ ಎರಡು ಮೂರು ದಿನಗಳನ್ನು ಬಯಲಿನ ಆಸುಪಾಸಿನ ಇಳಿಜಾರುಗಳಲ್ಲಿ ಕಳೆಯಿರಿ. ತಲೆನೋವು, ವಾಕರಿಕೆ ಕಾಣಿಸಿದರೆ ಮೇಲೆ ಹೋಗಬೇಡಿ.

ಸಲಕರಣೆಗಳು

ಟ್ರಾನ್ಸೀವರ್, ಪ್ರೋಬ್ (ಹೂತವರನ್ನು ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಸರಳು) ಮತ್ತು ಲೋಹದ ಸಲಿಕೆ ಈ ಮೂರು ಪ್ರತಿಯೊಬ್ಬರ ಬಳಿಯೂ ಇರಲೇಬೇಕು. ಎಲ್ಲ ಕಂಪನಿಗಳ ಟ್ರಾನ್ಸೀವರುಗಳೂ 457 ಕಿಲೋಹರ್ಟ್ಸ್ ಆವರ್ತನದಲ್ಲಿಯೇ ಕೆಲಸ ಮಾಡುವುದರಿಂದ ಬೇರೆ ಬೇರೆ ಕಂಪನಿಯವು ಒಂದಕ್ಕೊಂದು ಹೊಂದುತ್ತವೆ. ಮೊಬೈಲು, ಆ್ಯಕ್ಷನ್ ಕ್ಯಾಮೆರಾ, ಬಿಸಿಮಾಡುವ ಕೈಗವಸು ಮುಂತಾದವು ಅದಕ್ಕೆ ಅಡ್ಡಿಮಾಡುತ್ತವೆ. ಸಂಕೇತ ಕಳಿಸುವಾಗ ಅವನ್ನು ಕನಿಷ್ಠ 20 ಸೆಂಟಿಮೀಟರ್, ಹುಡುಕುವಾಗ ಕನಿಷ್ಠ 50 ಸೆಂಟಿಮೀಟರ್ ದೂರವಿಡಬೇಕು.

ಹತ್ತಲು ಬೂಟಿಗೆ ಸರಿಯಾಗಿ ಹೊಂದುವ ಕ್ರ್ಯಾಂಪಾನ್, ಒಂದು ಐಸ್ ಆಕ್ಸ್, ಏರುವಾಗ ಹಿಂದಕ್ಕೆ ಜಾರದಂತೆ ಸ್ಕೀಯ ತಳಕ್ಕೆ ಅಂಟಿಸುವ ಸ್ಕಿನ್, ಹೆಲ್ಮೆಟ್ ಮತ್ತು ಎರಡೂ ಬದಿಗೆ ಸ್ಕೀ ಕಟ್ಟಲು ಬರುವ ಚೀಲ ಬೇಕು. ಹತ್ತುವಾಗಲೂ ಹೆಲ್ಮೆಟ್ ತಲೆಯ ಮೇಲೆಯೇ ಇರಲಿ, ಕಲ್ಲು ಬೀಳುವುದು ಆಗಲೇ. ನೆತ್ತಿಯಲ್ಲಿ ಕಾರ್ನಿಸ್, ಅಂದರೆ ಅಂಚಿನಿಂದ ಹೊರಚಾಚಿದ ಹಿಮ, ಇರುವ ಸಾಧ್ಯತೆಯಿದ್ದರೆ ಹಾರ್ನೆಸ್ (ಹಗ್ಗಕ್ಕೆ ಸಿಕ್ಕಿಸಿಕೊಳ್ಳುವ ಸೊಂಟಪಟ್ಟಿ) ಮತ್ತು 30 ಮೀಟರಿನ ತೆಳು ಹಗ್ಗವನ್ನು, ಅದನ್ನು ಬಳಸಲು ಗೊತ್ತಿರುವವರೊಂದಿಗೆ, ಒಯ್ಯಬೇಕು. ಸ್ನೋಬೋರ್ಡಿನವರಿಗೆ ಎರಡಾಗಿ ಬಿಡಿಸಿ ಸ್ಕೀಯಂತೆ ನಡೆಯಬಹುದಾದ ಸ್ಪ್ಲಿಟ್‌ಬೋರ್ಡ್ ಅನುಕೂಲ.

ಭಾರತದಲ್ಲಿ ಅನುಮತಿಯಿಲ್ಲದೆ ಸ್ಯಾಟಲೈಟ್ ಫೋನ್ ಅಥವಾ ಸ್ಯಾಟಲೈಟ್ ಮೆಸೆಂಜರ್ ಒಯ್ಯುವುದು ಕಾನೂನಿಗೆ ವಿರುದ್ಧ. ಗಡಿಗೆ ಹತ್ತಿರವಿರುವ ಕಾಶ್ಮೀರದಲ್ಲಿ ಇದು ನೇರವಾಗಿ ಬಂಧನಕ್ಕೆ ದಾರಿಯಾಗಬಹುದು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರಬೇಕು. ಗುಲ್ಮಾರ್ಗ್‌ನ ಮೇಲಿರುವ ಅಫರ್ವತ್ ಬೆಟ್ಟದ ಹಿಂಭಾಗ ನಿಯಂತ್ರಣ ರೇಖೆಯತ್ತ ಚಾಚಿಕೊಂಡಿರುವುದರಿಂದ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಸ್ಥಳೀಯ ಗೈಡ್ ಹೇಳಿದಂತೆ ಕೇಳಬೇಕು. ಗೈಡ್ ಇಲ್ಲದೆ ಮೊದಲ ಕೊರಕಲಿಗೆ ಹೋಗುವ ಪ್ರಶ್ನೆಯೇ ಇಲ್ಲ.

ದಿನವನ್ನು ಆರಿಸುವುದು

ಪಶ್ಚಿಮದಿಂದ ಬರುವ ವಾಯುಭಾರದ ಅಡಚಣೆಗಳು ಪೀರ್ ಪಂಜಾಲ್ ಶ್ರೇಣಿಯ ಮೇಲೆ ಕೆಲವೇ ದಿನಗಳಲ್ಲಿ ಬಹಳಷ್ಟು ಹಿಮ ಸುರಿದು ಹೋಗುತ್ತವೆ. ಮೋಡ ಚೆದುರಿ ನೀಲಿ ಆಕಾಶ ಕಂಡ ಮೊದಲ ಬೆಳಗ್ಗೆ ಎಲ್ಲರಿಗೂ ಕೊರಕಲಿನತ್ತಲೇ ಕಣ್ಣು. ಆದರೆ ಆ ಬೆಳಗ್ಗೆಯೇ ಅತ್ಯಂತ ಅಪಾಯದ್ದು. ಒಂದು ದಿನದಲ್ಲಿ 30 ಸೆಂಟಿಮೀಟರಿಗಿಂತ ಹೆಚ್ಚು ಹೊಸ ಹಿಮ ಬಿದ್ದಿದ್ದರೆ, ಅಥವಾ ಕಡಿಮೆ ಬಿದ್ದರೂ ಗಾಳಿ ಜೋರಾಗಿ ಬೀಸಿದ್ದರೆ, ಕೊರಕಲಿನ ವಿಚಾರವನ್ನು ಬಿಟ್ಟು ಕಾಡಿನ ನಡುವಿನ ಸೌಮ್ಯ ಇಳಿಜಾರಿಗೆ ಹೋಗುವುದು ಜಾಣತನ.

ಗಾಳಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹಿಮ ಬೀಳದ ದಿನವೂ ಗಾಳಿಯು ಶಿಖರದ ಒಂದು ಮಗ್ಗುಲಿನ ಹಿಮವನ್ನು ಕೆರೆದು ಮರೆಯ ಮಗ್ಗುಲಿನಲ್ಲಿ ಪೇರಿಸುತ್ತದೆ. ಕೊರಕಲು ತಗ್ಗಾಗಿರುವುದರಿಂದ ಅಡ್ಡ ಬೀಸುವ ಗಾಳಿಯೂ ಅದರೊಳಗೆ ಹಿಮ ತುಂಬುತ್ತದೆ, ಅದೂ ಒಂದು ಗೋಡೆಯ ಕಡೆಗೆ ದಪ್ಪವಾಗಿ. ಹೀಗೆ ಒಡೆದ ಕಣಗಳಿಂದ ಒತ್ತಾಗಿ ಕಟ್ಟಿದ ಹಿಮವು ಹಲಗೆಯಂತೆ ಒಂದಾಗಿ ನಿಲ್ಲುತ್ತದೆ ಮತ್ತು ಒಡೆದಾಗ ಒಂದಾಗಿಯೇ ಜಾರುತ್ತದೆ. ನಾಲ್ಕು ಹೆಜ್ಜೆ ಆಚೆ ಗಟ್ಟಿಯಿದ್ದ ಹಿಮ ಇಲ್ಲಿ ಟೊಳ್ಳು ಸದ್ದು ಮಾಡಿದರೆ ಕಾರಣ ಬಹುಶಃ ಇದೇ.

ಹಲಗೆಯ ಕೆಳಗೆ ದುರ್ಬಲ ಪದರ ಇದ್ದರೆ ಅಪಾಯ ವಾರಗಟ್ಟಲೆ ಉಳಿಯುತ್ತದೆ. ಚಳಿಗಾಲದ ಆರಂಭದಲ್ಲಿ ತೆಳುವಾಗಿ ಬಿದ್ದ ಹಿಮದ ಕೆಳಗೆ ನೆಲ ಸೊನ್ನೆ ಡಿಗ್ರಿಯ ಹತ್ತಿರವಿದ್ದು, ಮೇಲೆ ಗಾಳಿ ಕೊರೆಯುತ್ತಿದ್ದರೆ, ಆವಿಯು ಕೆಳಗಿನಿಂದ ಮೇಲಕ್ಕೆ ಚಲಿಸಿ ಹಿಮದ ಕಣಗಳು ಒಂದಕ್ಕೊಂದು ಅಂಟದ ದಪ್ಪ ಹರಳುಗಳಾಗಿ ಮಾರ್ಪಡುತ್ತವೆ. ಜನವರಿಯ ಭಾರಿ ಹಿಮವೆಲ್ಲ ಈ ಬುನಾದಿಯ ಮೇಲೆ ನಿಂತಿರುತ್ತದೆ. ಈ ಪದರ ಇದೆಯೇ ಎಂದು ತಿಳಿಯಲು ಇಳಿಜಾರಿನ ಅಂಚಿನ ಸುರಕ್ಷಿತ ಜಾಗದಲ್ಲಿ ಗುಂಡಿ ತೋಡಿ, 30 ಸೆಂಟಿಮೀಟರ್ ಚೌಕದ ಹಿಮಕಂಬವನ್ನು ಸುತ್ತಲಿಂದ ಬಿಡಿಸಿ, ಅದರ ಮೇಲೆ ಸಲಿಕೆಯಿಟ್ಟು ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಸಲ ತಟ್ಟುವ ಪರೀಕ್ಷೆ ಇದೆ. ಎಷ್ಟನೆಯ ತಟ್ಟಿಗೆ, ಎಷ್ಟು ಆಳದಲ್ಲಿ, ಎಷ್ಟು ನುಣುಪಾಗಿ ಕಂಬ ಜಾರಿತು ಎಂಬುದನ್ನು ಗಮನಿಸುತ್ತಾರೆ. ಈ ಪರೀಕ್ಷೆ ಕೊರಕಲು ಬೇಡ ಎನ್ನಲು ಕಾರಣ ಕೊಡಬಲ್ಲದೇ ಹೊರತು, ಹೋಗಬಹುದು ಎಂಬ ಪರವಾನಗಿಯನ್ನು ಎಂದೂ ಕೊಡುವುದಿಲ್ಲ, ಏಕೆಂದರೆ ನೀವು ತೋಡಿದ ಗುಂಡಿಯ ಹಿಮ ನೆತ್ತಿಯ ಹಿಮವಲ್ಲ. ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆ ಹೊರಡಿಸುವ ಹಿಮಕುಸಿತದ ಮುನ್ಸೂಚನೆಯೂ ಹಾಗೆಯೇ ವಿಶಾಲ ಪ್ರದೇಶವೊಂದಕ್ಕೆ ಸಂಬಂಧಿಸಿದ್ದು. ಮೊದಲು ಅದನ್ನು ಓದಿ, ನಂತರ ಎದುರಿಗಿರುವ ಇಳಿಜಾರನ್ನು ಓದಬೇಕು. ಗುಲ್ಮಾರ್ಗ್‌ನಲ್ಲಿ ಗೊಂಡೋಲಾದ ಕೆಳಗಿನ ಬೋಗುಣಿಯಾಕಾರದ ಮುಖ್ಯ ಇಳಿಜಾರಿನಲ್ಲಿ ಮಾತ್ರ ಗಸ್ತು ಮತ್ತು ಹಿಮಕುಸಿತ ನಿಯಂತ್ರಣ ನಡೆಯುತ್ತದೆ. ಅದರ ಎಡಬಲದ್ದೆಲ್ಲ ನಿಮ್ಮ ಸ್ವಂತ ಜವಾಬ್ದಾರಿ.

ಆ ದಿನ ಹತ್ತಿರದಲ್ಲಿ ಹೊಸ ಹಿಮಕುಸಿತ ಕಂಡರೆ, ಕಾಲಡಿಯಲ್ಲಿ ಹಿಮ ಧಸಕ್ಕೆಂದು ಕುಳಿತ ಸದ್ದಾದರೆ, ಸ್ಕೀಯ ತುದಿಯಿಂದ ಬಿರುಕು ಮುಂದಕ್ಕೆ ಓಡಿದರೆ, ಚರ್ಚೆಗೆ ಅವಕಾಶವಿಲ್ಲ, ಹಿಂದಿರುಗಬೇಕು.

ಹತ್ತುವುದು

ಕೊರಕಲನ್ನು ಮೇಲಿನಿಂದ ಹೊಕ್ಕು ಇಳಿಯುವುದಕ್ಕಿಂತ, ಇಳಿಯುವ ದಾರಿಯನ್ನೇ ಹತ್ತಿ ಇಳಿಯುವುದು ಮೇಲು. ಹತ್ತುವ ಪ್ರತಿ ಹೆಜ್ಜೆಯೂ ಹಿಮದ ಬಗ್ಗೆ ಒಂದು ಸುದ್ದಿ ಕೊಡುತ್ತದೆ: ಇಲ್ಲಿ ಮೊಣಕಾಲಿನವರೆಗೆ ಹೂತಿತು, ಅಲ್ಲಿ ಬೂಟಿನ ತುದಿಯೂ ಇಳಿಯಲಿಲ್ಲ, ಎಡಗೋಡೆಯ ಬಳಿ ಕಲ್ಲು ಇಣುಕಿದೆ, ಬಲಕ್ಕೆ ನೀಲಿ ಮಂಜುಗಡ್ಡೆಯಿದೆ. ಗೊಂಡೋಲಾದಿಂದ ಇಳಿದು ನೇರವಾಗಿ ನೆತ್ತಿಗೆ ಬಂದವರಿಗೆ ಇವು ಯಾವುವೂ ತಿಳಿದಿರುವುದಿಲ್ಲ. ಆದರೆ ಹತ್ತುವಷ್ಟು ಹೊತ್ತು ನೀವು ಬೀಳುವ ವಸ್ತುವಿನ ದಾರಿಯಲ್ಲಿಯೇ ಇರುತ್ತೀರಿ ಎಂಬುದು ಇದರ ಬೆಲೆ. ಆದ್ದರಿಂದ ಹಿಮದ ಬಗ್ಗೆ ಅನುಮಾನ ಇದ್ದ ದಿನ ಹತ್ತುವುದೂ ಬೇಡ, ಇಳಿಯುವುದೂ ಬೇಡ.

ಬೆಳಕು ಹರಿಯುವ ಮೊದಲೇ ಹೊರಡಬೇಕಾಗುತ್ತದೆ. ಪೂರ್ವಕ್ಕೆ ಮುಖ ಮಾಡಿದ ಕೊರಕಲಿಗೆ ಮೊದಲ ಬಿಸಿಲು ತಾಗುತ್ತದೆ, ಗೋಡೆಗಳ ಕಲ್ಲು ಬಿಸಿಯಾದ ಕೂಡಲೇ ಅಂಟಿಕೊಂಡಿದ್ದ ಮಂಜುಗಡ್ಡೆ, ಸಡಿಲ ಕಲ್ಲು ಉದುರತೊಡಗುತ್ತವೆ. ಉತ್ತರಕ್ಕೆ ಮುಖ ಮಾಡಿದ ಕೊರಕಲು ತಣ್ಣಗಿದ್ದು ಹೆಚ್ಚು ಸಮಯ ಕೊಡುತ್ತದೆ. ಉದಾಹರಣೆಗೆ, 300 ಮೀಟರ್ ಎತ್ತರದ ಕೊರಕಲಿನಲ್ಲಿ ಗಂಟೆಗೆ 200 ಮೀಟರ್ ಏರುವ ತಂಡಕ್ಕೆ ಒಂದೂವರೆ ಗಂಟೆ ಬೇಕು. ನೆತ್ತಿಯ ತಯಾರಿಗೆ ಅರ್ಧ ಗಂಟೆ, ಅನಿರೀಕ್ಷಿತಕ್ಕೆ ಇನ್ನರ್ಧ ಗಂಟೆ ಸೇರಿಸಿದರೆ ಎರಡೂವರೆ ಗಂಟೆ. ಬಿಸಿಲು ಒಂಬತ್ತಕ್ಕೆ ಬರುವುದಾದರೆ ಆರೂವರೆಗೆ ಬುಡದಲ್ಲಿರಬೇಕು. ಎಷ್ಟು ಹೊತ್ತಿಗೆ ಎಲ್ಲಿದ್ದರೂ ಹಿಂದಿರುಗುವುದು ಎಂಬುದನ್ನು ಬುಡದಲ್ಲಿಯೇ ಬಾಯಿಬಿಟ್ಟು ಹೇಳಿಕೊಳ್ಳಬೇಕು, ಏಕೆಂದರೆ ನೆತ್ತಿ ಐವತ್ತು ಮೀಟರ್ ದೂರದಲ್ಲಿ ಕಾಣುವಾಗ ಯಾರಿಗೂ ಗಡಿಯಾರ ನೋಡುವ ಮನಸ್ಸಿರುವುದಿಲ್ಲ.

ಹೊರಡುವಾಗ ಒಬ್ಬರು ಮುಂದೆ ನಿಂತು ಪ್ರತಿಯೊಬ್ಬರ ಟ್ರಾನ್ಸೀವರ್ ಸಂಕೇತ ಕಳಿಸುತ್ತಿದೆಯೇ ಎಂದು ಪರೀಕ್ಷಿಸಬೇಕು. ಬುಡದ ಬೀಸಣಿಗೆಯಾಕಾರದ ಹರವಿನಲ್ಲಿ ಸ್ಕಿನ್ ಹಾಕಿದ ಸ್ಕೀಯಲ್ಲಿ ಅಂಕುಡೊಂಕಾಗಿ ಏರಿ, ತಿರುಗುವುದು ಕಷ್ಟವೆನಿಸುವ ಮೊದಲೇ, ಸಾಮಾನ್ಯವಾಗಿ 35 ಡಿಗ್ರಿಯ ಹತ್ತಿರ, ಸಮತಟ್ಟಾದ ಜಾಗವೊಂದರಲ್ಲಿ ನಿಂತು ಸ್ಕೀಯನ್ನು ಚೀಲಕ್ಕೆ ಕಟ್ಟಿಕೊಳ್ಳಬೇಕು. ಕ್ರ್ಯಾಂಪಾನನ್ನೂ ಅಲ್ಲಿಯೇ ಹಾಕಿಕೊಳ್ಳಿ. ಬೇಕಾದಾಗ ಹಾಕಿಕೊಂಡರಾಯಿತು ಎಂದುಕೊಂಡರೆ, ಬೇಕಾಗುವ ಜಾಗದಲ್ಲಿ ಒಂದು ಕಾಲಿನ ಮೇಲೆ ನಿಲ್ಲಲು ಆಗುವುದಿಲ್ಲ.

ಬೂಟಿನ ತುದಿಯನ್ನು ಹಿಮಕ್ಕೆ ಒದ್ದು, ಹಿಮ್ಮಡಿಯನ್ನು ತುಸು ತಗ್ಗಿಸಿ, ಮೆಟ್ಟಿಲು ಮಾಡಿಕೊಂಡು ಏರಬೇಕು. ಆಕ್ಸ್‌ನ ಹಿಡಿಯನ್ನು ಮೇಲಿನ ಹಿಮಕ್ಕೆ ಊರಿ, ಅದು ಗಟ್ಟಿಯೆನಿಸಿದ ಮೇಲೆ ಒಂದು ಕಾಲು, ನಂತರ ಇನ್ನೊಂದು. ಮುಂದಿನವರ ಕೆಲಸ ಎಲ್ಲರಿಗಿಂತ ಭಾರವಾದದ್ದರಿಂದ ಆಗಾಗ ಬದಲಾಗುತ್ತಿರಬೇಕು. ಕೊರಕಲಿನ ನಟ್ಟನಡುವೆ ಹತ್ತದೆ, ಗೋಡೆಯ ಉಬ್ಬು ಮರೆ ಕೊಡುವ ಬದಿಯಲ್ಲಿ ಹತ್ತಬೇಕು. ಆದರೆ ಗೋಡೆಗೆ ತೀರಾ ಅಂಟಿಕೊಂಡರೆ ಬಂಡೆಗೂ ಹಿಮಕ್ಕೂ ನಡುವಿನ ಸಂದಿಗೆ ಕಾಲು ಹೋಗುತ್ತದೆ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು, ವಿಶ್ರಾಂತಿಗೆ ಉಬ್ಬು ಬಂಡೆಯ ಮರೆಯಲ್ಲಿ ಮಾತ್ರ ನಿಲ್ಲಬೇಕು.

ನೆತ್ತಿಯಲ್ಲಿ

ಕೊನೆಯ ಹತ್ತು ಮೀಟರಿನಲ್ಲಿ ಹಿಮದ ಸ್ವಭಾವ ಮತ್ತೆ ಬದಲಾಗುತ್ತದೆ. ಗಾಳಿ ಪೇರಿಸಿದ ಹಲಗೆ ಇರುವುದು ಅಲ್ಲಿಯೇ, ಕಾರ್ನಿಸ್ ಚಾಚಿಕೊಂಡಿರುವುದೂ ಅಲ್ಲಿಯೇ. ಅದು ಗಾಳಿಯ ಮರೆಯ ಕಡೆಗೆ ಛಾವಣಿಯ ಅಂಚಿನಂತೆ ಹೊರಚಾಚಿದ ಹಿಮ. ಒಡೆಯುವಾಗ ನಾವು ಎಣಿಸಿದ್ದಕ್ಕಿಂತ ಹಿಂದಕ್ಕೆ, ಗಟ್ಟಿನೆಲವೆಂದು ತೋರಿದ ಜಾಗದಿಂದಲೇ ಒಡೆಯುತ್ತದೆ. ಕೊರಕಲಿನಲ್ಲಿ ನೆತ್ತಿ ಮುಟ್ಟಲೇಬೇಕೆಂಬ ನಿಯಮವಿಲ್ಲ. ಹಲಗೆಯ ಸದ್ದು ಟೊಳ್ಳಾದಲ್ಲಿ, ಅದಕ್ಕಿಂತ ಹತ್ತು ಮೀಟರ್ ಕೆಳಗೆ ನಿಂತು ಅಲ್ಲಿಂದಲೇ ಇಳಿಯುವುದು ನಾಚಿಕೆಯ ಮಾತಲ್ಲ.

ಸ್ಕೀ ಕಟ್ಟಿಕೊಳ್ಳುವ ಐದು ನಿಮಿಷಗಳು ಇಡೀ ದಿನದಲ್ಲಿ ಅತ್ಯಂತ ನಿಧಾನವಾಗಿ ಮಾಡಬೇಕಾದವು. ಮೊದಲು ಆಕ್ಸ್‌ನ ಹಿಡಿಯನ್ನು ಪೂರ್ತಿಯಾಗಿ ಮೇಲಿನ ಹಿಮಕ್ಕೆ ಊರಿ, ಅದಕ್ಕೆ ಸ್ಲಿಂಗ್‌ನಿಂದ (ಗಟ್ಟಿ ಪಟ್ಟಿಯ ಕುಣಿಕೆಯಿಂದ) ನಿಮ್ಮನ್ನು ಕಟ್ಟಿಕೊಳ್ಳಿ. ಸಲಿಕೆಯಿಂದ ಸ್ಕೀಯಷ್ಟು ಉದ್ದದ, ಎರಡು ಬೂಟಿನಷ್ಟು ಅಗಲದ ಕಟ್ಟೆಯನ್ನು ಇಳಿಜಾರಿಗೆ ಅಡ್ಡಲಾಗಿ ಕಡಿಯಿರಿ, ಅದರ ಹೊರ ಅಂಚು ತುಸು ಎತ್ತರವಿರಲಿ. ಚೀಲವನ್ನು ಆಕ್ಸ್‌ಗೆ ಸಿಕ್ಕಿಸಿದ ಮೇಲೆಯೇ ಸ್ಕೀ ಬಿಚ್ಚಬೇಕು. ಒಂದು ಸ್ಕೀಯನ್ನು ಹಿಂಬದಿಯಿಂದ ಹಿಮಕ್ಕೆ ನೆಟ್ಟು ನಿಲ್ಲಿಸಿ, ಇನ್ನೊಂದನ್ನು ಮಾತ್ರ ಕೈಯಲ್ಲಿ ಹಿಡಿಯಿರಿ. ಕೆಳಗಿನ ಕಾಲಿನ ಕ್ರ್ಯಾಂಪಾನ್ ತೆಗೆದು, ಚೀಲಕ್ಕೆ ಹಾಕಿ, ಬೂಟಿನ ತಳಕ್ಕೆ ಮೆತ್ತಿದ ಹಿಮವನ್ನು ಪೂರ್ತಿ ಕೆರೆದು ತೆಗೆಯಿರಿ. ಬೂಟನ್ನು ಸ್ಕೀಗೆ ಕಚ್ಚಿಸುವ ಹಿಡಿಕೆ, ಅಂದರೆ ಬೈಂಡಿಂಗ್, ಪಿನ್ನುಗಳದ್ದಾಗಿದ್ದರೆ ಬೂಟಿನ ಮೂತಿಯ ಎರಡು ತೂತುಗಳಲ್ಲಿ ಮಂಜುಗಡ್ಡೆ ಕೂತಿದೆಯೇ ಎಂದು ನೋಡಲೇಬೇಕು. ಅಕ್ಕಿಕಾಳಿನಷ್ಟು ಮಂಜುಗಡ್ಡೆ ಇದ್ದರೂ ಬೈಂಡಿಂಗ್ ಕಚ್ಚಿದಂತೆ ಕಂಡು, ಮೊದಲ ತಿರುವಿನಲ್ಲಿ ಬಿಟ್ಟುಕೊಡುತ್ತದೆ. ಕಚ್ಚಿದ ಮೇಲೆ ಕಾಲನ್ನು ಅಲ್ಲಾಡಿಸಿ, ಎತ್ತಿ ಕುಟ್ಟಿ ನೋಡಿ, ನಂತರ ಇನ್ನೊಂದು ಕಾಲು. ಬೂಟನ್ನು ನಡಿಗೆಯಿಂದ ಸ್ಕೀಯ ಸ್ಥಿತಿಗೆ ಬದಲಿಸಿದ್ದೀರಾ ಎಂದು ಜೊತೆಗಾರರು ಕೇಳಬೇಕು, ನೀವೂ ಅವರನ್ನು ಕೇಳಬೇಕು.

ಬೈಂಡಿಂಗಿನ ಮುಂಭಾಗವನ್ನು ಬಿಡದಂತೆ ಬಿಗಿಮಾಡಬೇಕೇ ಎಂಬುದರಲ್ಲಿ ಅನುಭವಿಗಳಲ್ಲೇ ಒಮ್ಮತವಿಲ್ಲ. ಬಿಗಿ ಮಾಡಿದರೆ ಸ್ಕೀ ಅಕಾಲದಲ್ಲಿ ಕಳಚುವುದಿಲ್ಲ, ಆದರೆ ಹಿಮಕುಸಿತದಲ್ಲಿ ಸಿಕ್ಕಿದರೆ ಅದೇ ಸ್ಕೀ ಕಾಲಿಗೆ ಲಂಗರಾಗಿ ಎಳೆಯುತ್ತದೆ. ಗಟ್ಟಿ ಹಿಮದ ಕಡಿದಾದ ಮೊದಲ ಕೆಲವು ಮೀಟರಿಗೆ ಬಿಗಿಮಾಡಿ, ಅಗಲವಾದ ಜಾಗದಲ್ಲಿ ಸಡಿಲಿಸುವುದನ್ನು ನಾನು ಒಪ್ಪುತ್ತೇನೆ. ಕೋಲಿನ ಪಟ್ಟಿಯನ್ನು ಮಾತ್ರ ಯಾವಾಗಲೂ ಮಣಿಕಟ್ಟಿನಿಂದ ತೆಗೆದಿರಬೇಕು.

ಇಳಿಯುವುದು

ಒಂದು ಸಲಕ್ಕೆ ಒಬ್ಬರೇ. ಉಳಿದವರು ಗೋಡೆಯ ಮರೆಯಿಂದ ಕಣ್ಣು ಕೀಳದೆ ನೋಡುತ್ತಿರಬೇಕು. ಮೊದಲ ಕೆಲಸ ತಿರುವಲ್ಲ, ಅಡ್ಡ ಜಾರುವಿಕೆ. ಸ್ಕೀಯನ್ನು ಇಳಿಜಾರಿಗೆ ಅಡ್ಡಲಾಗಿಟ್ಟು, ಅಂಚಿನ ಹಿಡಿತವನ್ನು ಸ್ವಲ್ಪ ಸಡಿಲಿಸಿ ಒಂದೆರಡು ಮೀಟರ್ ಜಾರಿ, ಮತ್ತೆ ಅಂಚನ್ನು ಕಚ್ಚಿಸಿ ನಿಲ್ಲಿ. ಹಿಮ ಎಷ್ಟು ಹಿಡಿಯುತ್ತದೆ, ಎಷ್ಟು ಬೇಗ ಬಿಡುತ್ತದೆ ಎಂಬುದು ಕಾಲಿಗೆ ತಿಳಿಯುತ್ತದೆ. ಅಗತ್ಯವಿದ್ದರೆ ಇಡೀ ಕೊರಕಲನ್ನು ಹೀಗೆಯೇ ಜಾರಿ ಇಳಿಯಬಹುದು. ನೋಡುವವರಿಗೆ ಸೊಗಸಿಲ್ಲದಿರಬಹುದು, ಆದರೂ ಅದು ಸರಿಯಾದ ಇಳಿತವೇ.

ಜಿಗಿತದ ತಿರುವಿಗೆ ಎದೆ ಕಣಿವೆಯ ಕಡೆಗಿರಬೇಕು, ಸ್ಕೀ ಅಡ್ಡಲಾಗಿರಬೇಕು. ಕೆಳಗಿನ ಕೋಲನ್ನು ಬೂಟಿಗೆ ಸಮವಾಗಿ, ಸಾಕಷ್ಟು ಕೆಳಗೆ ಊರಿ. ಮಂಡಿ ಬಾಗಿಸಿ, ಮೇಲಿನ ಸ್ಕೀಯ ಮೇಲೆ ಒತ್ತಿ ಎದ್ದು, ಎರಡೂ ಸ್ಕೀಗಳ ಹಿಂಬದಿ ಹಿಮದಿಂದ ಬಿಡುಗಡೆಯಾದ ಗಳಿಗೆಯಲ್ಲಿ ಕಾಲುಗಳನ್ನು ಮಾತ್ರ ತಿರುಗಿಸಿ, ಇನ್ನೊಂದು ದಿಕ್ಕಿಗೆ ಅಡ್ಡಲಾಗಿ ಇಳಿಯಿರಿ. ಇಳಿದ ಕೂಡಲೇ ನಿಲ್ಲಿ, ಉಸಿರು ತೆಗೆದುಕೊಳ್ಳಿ, ಮತ್ತೊಮ್ಮೆ. ಭಯವಾದಾಗ ದೇಹ ಗೋಡೆಯ ಕಡೆಗೆ, ಅಂದರೆ ಮೇಲಿನ ಹಿಮದ ಕಡೆಗೆ ವಾಲುತ್ತದೆ. ಇದು ಸಹಜ, ಮತ್ತು ಜಾರಲು ಇದೇ ಮೊದಲ ಕಾರಣ. ಹಾಗೆ ವಾಲಿದರೆ ಅಂಚಿನ ಮೇಲಿನ ಭಾರ ಕಡಿಮೆಯಾಗಿ ಸ್ಕೀ ಕೆಳಗಿನಿಂದ ಜಾರಿಹೋಗುತ್ತದೆ. ಎರಡೂ ಕೈಗಳನ್ನು ಮುಂದೆ, ಕಣಿವೆಯ ಕಡೆಗೆ ಚಾಚಿಕೊಂಡಿದ್ದರೆ ದೇಹ ತಾನಾಗಿ ಸರಿಯಾದ ಜಾಗಕ್ಕೆ ಬರುತ್ತದೆ.

ಹೊಸ ಹಿಮವಿದ್ದಲ್ಲಿ ಪ್ರತಿ ತಿರುವೂ ಮೇಲ್ಪದರದ ಸಡಿಲ ಹಿಮವನ್ನು ಕೆಳಕ್ಕೆ ತಳ್ಳುತ್ತದೆ. ನಾಲ್ಕೈದು ತಿರುವುಗಳಲ್ಲಿ ಅದು ಹೊಳೆಯಾಗಿ ನಿಮ್ಮನ್ನೇ ಹಿಂದಿಕ್ಕುತ್ತದೆ. ಅದರ ದಾರಿಯಲ್ಲಿ ನಿಂತರೆ ಕಾಲು ಕಿತ್ತುಕೊಂಡು ಹೋಗುವಷ್ಟು ಬಲ ಅದಕ್ಕಿರುತ್ತದೆ. ಕೆಲವು ತಿರುವುಗಳ ನಂತರ ಬದಿಯ ದಿಣ್ಣೆಗೆ ಸರಿದು ಅದನ್ನು ಮುಂದೆ ಹೋಗಗೊಟ್ಟು, ಅದು ನಿಂತ ಮೇಲೆ ಮುಂದುವರಿಯಿರಿ. ಬಿದ್ದರೆ, ಆ ಕ್ಷಣವೇ ಸ್ಕೀಗಳನ್ನು ದೇಹದ ಕೆಳಗೆ ತಂದು ಅಂಚು ಕಚ್ಚಿಸಬೇಕು. 40 ಡಿಗ್ರಿ ಮೀರಿದ ಗಟ್ಟಿ ಹಿಮದಲ್ಲಿ ಒಂದೆರಡು ಕ್ಷಣ ಕಳೆದರೆ ಆಕ್ಸ್ ಹಿಡಿದರೂ ನಿಲ್ಲಿಸುವುದು ಬಹುತೇಕ ಅಸಾಧ್ಯ. ಹಿಮ ಗಾಜಿನಷ್ಟು ಗಟ್ಟಿಯಿದ್ದ ದಿನ ಅಂಚು ಹಿಡಿಯುವಷ್ಟು ಮೃದುವಾಗುವವರೆಗೆ ಕಾಯಬೇಕು, ಇಲ್ಲವೇ ಕ್ರ್ಯಾಂಪಾನ್‌ನಲ್ಲೇ ಮುಖ ಗೋಡೆಗೆ ಮಾಡಿ ಇಳಿಯಬೇಕು.

ಸ್ನೋಬೋರ್ಡಿನವರು ಹಿಮ್ಮಡಿಯ ಅಂಚಿನಲ್ಲಿದ್ದಾಗ ಕೆಳಗಿನ ದಾರಿಯನ್ನು ಪೂರ್ತಿ ನೋಡಬಹುದು. ಕಾಲ್ಬೆರಳ ಅಂಚಿನಲ್ಲಿದ್ದಾಗ ಮುಖ ಹಿಮದ ಕಡೆಗಿದ್ದು ಆಕ್ಸ್ ಊರಲು ಕೈಗೆ ಹಿಮ ಸಿಗುತ್ತದೆ. ಆದ್ದರಿಂದ ಗಟ್ಟಿ ಹಿಮದ ಇಕ್ಕಟ್ಟಿನಲ್ಲಿ ಬೆರಳ ಅಂಚೇ ಹೆಚ್ಚು ಭದ್ರ. ಕೋಲುಗಳನ್ನು ಚೀಲಕ್ಕೆ ಕಟ್ಟಿ ಕೈಯಲ್ಲಿ ಆಕ್ಸ್ ಮಾತ್ರ ಇರಲಿ. ಹಿಮ್ಮಡಿಯಿಂದ ಬೆರಳಿಗೆ ಬದಲಾಗುವ ತಿರುವಿನಲ್ಲಿ ಬೋರ್ಡು ಒಂದು ಕ್ಷಣ ನೇರ ಕೆಳಮುಖವಾಗುತ್ತದೆ. ಆ ಕ್ಷಣವನ್ನು ಕಿರಿದಾಗಿಸಲು ಮುಂದಿನ ಕಾಲಿನ ಮೇಲೆ ಭಾರ ಹಾಕಿ ಹಿಂದಿನ ಕಾಲನ್ನು ಜಿಗಿಸಿ ತಿರುಗಿಸಬೇಕು. ಬೋರ್ಡಿನ ಇತಿಹಾಸದ ಅತಿ ದೊಡ್ಡ ಇಳಿತವೂ ಕೊರಕಲಿನದೇ. ಫ್ರಾನ್ಸಿನ ಮಾರ್ಕೋ ಸಿಫ್ರೆಡಿ 2001ರಲ್ಲಿ ಎವರೆಸ್ಟಿನಿಂದ ನಾರ್ಟನ್ ಕೂಲ್ವಾರ್ ಮೂಲಕ ಇಳಿದರು. ಮರುವರ್ಷ ಹಾರ್ನ್‌ಬೈನ್ ಕೂಲ್ವಾರ್ ಇಳಿಯಲು ಶಿಖರದಿಂದ ಹೊರಟವರು ಮತ್ತೆ ಕಾಣಲಿಲ್ಲ.

ಹಿಮಕುಸಿತವಾದರೆ

ಹೂತುಹೋದವರು ಬದುಕುವ ಸಾಧ್ಯತೆ ಮೊದಲ ಹತ್ತು ಹದಿನೈದು ನಿಮಿಷಗಳ ನಂತರ ಕಡಿದಾಗಿ ಕುಸಿಯುತ್ತದೆ. ಅಷ್ಟರೊಳಗೆ ಹೊರಗಿನ ನೆರವು ಬರುವುದಿಲ್ಲ, ಜೊತೆಗಾರರೇ ದಿಕ್ಕು. ಕೊನೆಯ ಸಲ ಕಂಡ ಜಾಗವನ್ನು ಗುರುತಿಟ್ಟುಕೊಂಡು, ಮೇಲೆ ಇನ್ನೂ ಜಾರಲು ಹಿಮ ಉಳಿದಿದೆಯೇ ಎಂದು ನೋಡಿ, ಎಲ್ಲರ ಟ್ರಾನ್ಸೀವರುಗಳನ್ನೂ ಹುಡುಕುವ ಸ್ಥಿತಿಗೆ ಬದಲಿಸಬೇಕು. ಸಂಕೇತ ಸಿಕ್ಕಲ್ಲಿಂದ ತೆರೆಯ ಮೇಲಿನ ದೂರದ ಅಂಕೆ ಇಳಿಯುವ ದಿಕ್ಕಿಗೆ ಸಾಗಿ, ಕೊನೆಯ ಮೂರು ಮೀಟರಿನಲ್ಲಿ ಟ್ರಾನ್ಸೀವರನ್ನು ಹಿಮಕ್ಕೆ ತಾಗಿಸಿ ನಿಧಾನವಾಗಿ ಚಲಿಸಬೇಕು. ಅತಿ ಕಡಿಮೆ ಅಂಕೆ ಬಂದ ಬಿಂದುವಿನಿಂದ ಸುರುಳಿಯಾಗಿ 25 ಸೆಂಟಿಮೀಟರಿಗೊಂದರಂತೆ ಪ್ರೋಬ್ ಚುಚ್ಚಿ. ತಾಗಿದ ಪ್ರೋಬನ್ನು ಅಲ್ಲೇ ಬಿಟ್ಟು, ಆಳದ ಒಂದೂವರೆ ಪಟ್ಟು ಕೆಳಗೆ ಸರಿದು ಅಡ್ಡಲಾಗಿ ಅಗೆಯುತ್ತಾ ಒಳಹೋಗಿ. ನೇರ ಮೇಲಿನಿಂದ ಅಗೆದರೆ ಉಸಿರಿಗೆ ಉಳಿದಿರುವ ಜಾಗವನ್ನೇ ತುಳಿದಂತಾಗುತ್ತದೆ. ಒಬ್ಬರಿಗಿಂತ ಹೆಚ್ಚು ಜನರಿದ್ದರೆ ಒಬ್ಬರು 112ಕ್ಕೆ ಕರೆ ಮಾಡಲಿ.

ಬುಡಕ್ಕೆ ಬಂದ ಮೇಲೆ

ಬುಡದ ಹರವಿಗೆ ಬಂದ ಕೂಡಲೇ ಸಂಭ್ರಮಿಸಲು ನಿಲ್ಲಬಾರದು. ಕೊರಕಲಿನಿಂದ ಬಂದದ್ದೆಲ್ಲ ಹರಡುವುದು ಅಲ್ಲಿಯೇ. ಪಕ್ಕಕ್ಕೆ, ಕೊರಕಲಿನ ನೇರದಿಂದ ದೂರ ಸರಿದು, ಮೇಲಿನವರಿಗೆ ಕೋಲೆತ್ತಿ ಸನ್ನೆ ಮಾಡಬೇಕು. ಟ್ರಾನ್ಸೀವರ್ ಊರು ತಲುಪುವವರೆಗೆ ಆರಿಸುವುದು ಬೇಡ. ಸ್ನೋಬೋರ್ಡಿನವರು ಮುಂದಿನ ಸಮತಟ್ಟಿನಲ್ಲಿ ನಿಂತುಬಿಡದಂತೆ ವೇಗ ಉಳಿಸಿಕೊಳ್ಳಬೇಕು, ಇಲ್ಲವಾದರೆ ಬೋರ್ಡನ್ನು ಮತ್ತೆ ಎರಡಾಗಿ ಬಿಡಿಸಿ ನಡೆಯಬೇಕಾಗುತ್ತದೆ.

ಮಲೆನಾಡಿನವರಿಗೆ ಮಾತ್ರ ಹೇಳಬೇಕಾದ ಮಾತೊಂದಿದೆ. ಕಾಶ್ಮೀರದ ಒಣಗಾಳಿಯಲ್ಲಿ ಏನೂ ಆಗದ ಸಲಕರಣೆ ನಮ್ಮ ಮಳೆಗಾಲದಲ್ಲಿ ಹಾಳಾಗುತ್ತದೆ. ಊರಿಗೆ ಬಂದ ವಾರದೊಳಗೆ ಸ್ಕೀಯ ಉಕ್ಕಿನ ಅಂಚನ್ನೂ ಕ್ರ್ಯಾಂಪಾನನ್ನೂ ಒರೆಸಿ ಒಣಗಿಸಬೇಕು. ಅಂಚು ಮುಚ್ಚುವಂತೆ ತಳಕ್ಕೆ ದಪ್ಪವಾಗಿ ಮೇಣ ಕರಗಿಸಿ ಹಚ್ಚಿ, ಕೆರೆಯದೆ ಹಾಗೆಯೇ ಬಿಡಬೇಕು. ಕ್ರ್ಯಾಂಪಾನಿಗೆ ತೆಳುವಾಗಿ ಎಣ್ಣೆ ಸವರಿದರೆ ಸಾಕು. ಸ್ಕಿನ್ನಿನ ಅಂಟಿನ ಮೇಲೆ ಅದರ ಜಾಳಿಗೆಯನ್ನು ಹಾಕಿ ಮಡಚಿ, ಬಿಸಿಲಿಗಿಡದೆ, ಬೂಷ್ಟು ಬರದಂತೆ ಸಿಲಿಕಾ ಪೊಟ್ಟಣಗಳೊಂದಿಗೆ ಮುಚ್ಚಿದ ಡಬ್ಬದಲ್ಲಿಡಬೇಕು. ಬೂಟಿನ ಒಳಪದರವನ್ನು ಹೊರತೆಗೆದು ಬೇರೆಯಾಗಿ ಒಣಗಿಸಿ. ಟ್ರಾನ್ಸೀವರಿನ ಬ್ಯಾಟರಿಯನ್ನು ತೆಗೆದುಬಿಡಿ. ಆರು ತಿಂಗಳು ಒಳಗೇ ಬಿಟ್ಟ ಬ್ಯಾಟರಿ ಸೋರಿ ಒಳಗಿನ ತಗಡು ಹಸಿರುಗಟ್ಟಿದ್ದರೆ, ಆ ಯಂತ್ರವನ್ನು ತಯಾರಕರು ಪರೀಕ್ಷಿಸಿ ಕೊಡುವವರೆಗೆ ಮುಂದಿನ ಚಳಿಗಾಲಕ್ಕೆ ಒಯ್ಯಬಾರದು.